ವಾಷಿಂಗ್ಟನ್: ಹೆಸರು ಯಾರದ್ದು, ಯಾರ ಪಾಲಾಯಿತು?

ವಾಷಿಂಗ್ಟನ್ ಅಂದರೆ ಶ್ವೇತಭವನ, ಒಂದು ಡಾಲರ್ ನೋಟಿನ ಮೇಲಿನ ಮುಖ. ಆದರೆ ಹೆಸರು ಹುಟ್ಟಿದ್ದು ಅಮೆರಿಕದಲ್ಲಲ್ಲ. ಇಂಗ್ಲೆಂಡಿನ ಈಶಾನ್ಯದಲ್ಲಿ, ಸಂಡರ್‌ಲ್ಯಾಂಡ್ ಹತ್ತಿರ, ವಾಷಿಂಗ್ಟನ್ ಅನ್ನೋ ಊರು ಈಗಲೂ ಇದೆ. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಗಳ ಊರು. 1977ರಲ್ಲಿ ಅಮೆರಿಕ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿಗೆ ಹೋಗಿ ಒಂದು ಗಿಡ ನೆಟ್ಟು ಬಂದರು.

ಅರ್ಥ ಸರಳ. ಹಳೆಯ ಇಂಗ್ಲಿಷಿನ 'ಟೂನ್' ಅಂದರೆ ಬೇಲಿ ಹಾಕಿದ ಜಾಗ, ಹೊಲಮನೆ, ಆಮೇಲೆ ಹಳ್ಳಿ. ಹ್ವಾಸಾ ಅನ್ನುವವನ ಕಡೆಯವರ ಹಳ್ಳಿ ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅವನು ಯಾರು, ಏನು ಮಾಡುತ್ತಿದ್ದ ಎಂಬುದಕ್ಕೆ ಊರಿನ ಹೆಸರು ಬಿಟ್ಟರೆ ಬೇರೆ ಗುರುತಿಲ್ಲ.

12ನೇ ಶತಮಾನದ ಕೊನೆಗೆ ವಿಲಿಯಂ ಡಿ ಹರ್ಟ್‌ಬರ್ನ್ ಎಂಬ ಜಮೀನ್ದಾರ ಡರಮ್ ಬಿಷಪ್ ಜೊತೆ ಜಮೀನು ಅದಲುಬದಲು ಮಾಡಿಕೊಂಡು ಇಲ್ಲಿಗೆ ಬಂದ. ಬಂದಮೇಲೆ ವಿಲಿಯಂ ಡಿ ವೆಸಿಂಗ್ಟನ್ ಆದ. ಆಗ ಹೆಸರು ಜಮೀನಿನ ಜೊತೆಗೇ ಬದಲಾಗುತ್ತಿತ್ತು. ಮುಂದೆ ಮನೆತನ ಊರು ಬಿಟ್ಟರೂ ಹೆಸರು ಬಿಡಲಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಹಿರಿಯರ ಊರು ಮೋಕ್ಷಗುಂಡಂ ಉಳಿದುಕೊಂಡಿತಲ್ವಾ, ಹಾಗೆ.

ಮನೆತನದ ಒಂದು ಕವಲು ದಕ್ಷಿಣಕ್ಕೆ ಸರಿಯಿತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿ ಆಸ್ತಿ ಕೊಂಡ. ನೂರು ವರ್ಷ ಕಳೆದ ಮೇಲೆ ಅದೇ ಹೆಸರಿನ ಇನ್ನೊಬ್ಬ ಲಾರೆನ್ಸ್ ಪಾದ್ರಿಯಾಗಿದ್ದ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಒಳಯುದ್ಧದ ಹೊತ್ತಿನಲ್ಲಿ, 1643ರಲ್ಲಿ, ಹೆಂಡದಂಗಡಿ ಸುತ್ತುತ್ತಾನೆಂದು ದೂರಿ ಅವನನ್ನು ಚರ್ಚಿನಿಂದ ಹೊರಹಾಕಿದರು. ಅವನು ರಾಜನ ಪಕ್ಷ. ದೂರು ಎಷ್ಟು ನಿಜವೋ, ರಾಜಕೀಯ ಎಷ್ಟೋ! ಮನೆಯ ಸ್ಥಿತಿ ಕೆಟ್ಟಿತು. ಮಗ ಜಾನ್ ತಂಬಾಕು ವ್ಯಾಪಾರದ ಹಡಗು ಹತ್ತಿ ವರ್ಜೀನಿಯಾಗೆ ಹೋಗಿ ಅಲ್ಲೇ ಉಳಿದ. 1732ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್‌ಗೆ ಈತ ಮುತ್ತಜ್ಜ.

ಊರಿಂದ ಮನುಷ್ಯರಿಗೆ ಬಂದ ಹೆಸರು ಈಗ ಮನುಷ್ಯನಿಂದ ಊರುಗಳಿಗೆ ಹೋಯಿತು. 1791ರಲ್ಲಿ ಹೊಸ ರಾಜಧಾನಿಗೆ ಅದನ್ನೇ ಇಟ್ಟರು. 1853ರಲ್ಲಿ ವಾಯವ್ಯದ ಹೊಸ ಪ್ರಾಂತ್ಯವನ್ನು ಕೊಲಂಬಿಯಾ ಅನ್ನಬೇಕೆಂದಿದ್ದರು. ರಾಜಧಾನಿ ಇರುವ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ (ಡಿಸಿ) ಜೊತೆ ಗೊಂದಲವಾಗುತ್ತದೆ ಅಂತ ಬದಲಿಸಿ ವಾಷಿಂಗ್ಟನ್ ಅಂದರು! ಇವತ್ತಿಗೂ ಅಮೆರಿಕದವರು 'ಡಿಸಿನಾ, ಸ್ಟೇಟಾ' ಎಂದು ಬಿಡಿಸಿ ಹೇಳಬೇಕು.

ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ 2000ದ ಜನಗಣತಿಯಲ್ಲಿ ಈ ಅಡ್ಡಹೆಸರಿನವರು ಸುಮಾರು 1.63 ಲಕ್ಷ. ಅವರಲ್ಲಿ ಶೇ 90ರಷ್ಟು ಕಪ್ಪು ಜನ. ಅಮೆರಿಕದ ಮಟ್ಟಿಗೆ ಈಗ ಇದು ಅವರ ಹೆಸರೇ.

ಯಜಮಾನನ ಹೆಸರು ಗುಲಾಮರಿಗೆ ಅಂಟಿತು ಎಂದು ಸುಮ್ನೆ ಹೇಳಿಬಿಡುವುದು ಸುಲಭ. ಅಂಥ ಉದಾಹರಣೆಯೂ ಇದೆ. ಹ್ಯಾರಿ ವಾಷಿಂಗ್ಟನ್ ಜಾರ್ಜ್‌ನ ಮೌಂಟ್ ವರ್ನನ್ ಎಸ್ಟೇಟಿನ ಗುಲಾಮ. ಕ್ರಾಂತಿಯ ಕಾಲದಲ್ಲಿ ತಪ್ಪಿಸಿಕೊಂಡು ಬ್ರಿಟಿಷರ ಕಡೆ ಸೇರಿದ. ಈಗಿನ ಕೆನಡಾದ ನೋವಾ ಸ್ಕೋಶಿಯಾಗೆ, ಅಲ್ಲಿಂದ 1792ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋದ. ಅಲ್ಲಿ ತೆರಿಗೆ ವಿರುದ್ಧದ ದಂಗೆಯಲ್ಲೂ ಸಿಕ್ಕಿಬಿದ್ದು ಗಡೀಪಾರಾದ. ಯಾರಿಂದ ಓಡಿಹೋದನೋ ಅವನ ಹೆಸರನ್ನೇ ಹೊತ್ತು ಅವನಂತೆಯೇ ಬಂಡಾಯ ಎದ್ದ.

ಆದರೆ ಒಂದು ಎಸ್ಟೇಟಿನಿಂದ ಇಷ್ಟು ಜನ ಬರಲು ಸಾಧ್ಯವಿಲ್ಲ. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಎಷ್ಟೋ ಜನ ತಾವೇ ಹೆಸರು ಆರಿಸಿಕೊಂಡರು. ಬುಕರ್ ಎಂಬ ಹುಡುಗ ವೆಸ್ಟ್ ವರ್ಜೀನಿಯಾದಲ್ಲಿ ಶಾಲೆಗೆ ಸೇರಿದಾಗ ಹಾಜರಿ ಕೂಗುತ್ತಿದ್ದರು. ಎಲ್ಲ ಮಕ್ಕಳಿಗೂ ಎರಡೆರಡು ಹೆಸರು, ಇವನಿಗೆ ಒಂದೇ. ಸರದಿ ಬಂದಾಗ 'ಬುಕರ್ ವಾಷಿಂಗ್ಟನ್' ಅಂದುಬಿಟ್ಟ. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್. ಅದೇ ಬುಕರ್ ಟಿ. ವಾಷಿಂಗ್ಟನ್ 1881ರಿಂದ ಕಪ್ಪು ಜನರಿಗಾಗಿ ಟಸ್ಕೀಗಿ ಶಾಲೆ ಕಟ್ಟಿದ್ದು.

ದಕ್ಷಿಣ ಅಮೆರಿಕದಲ್ಲಿ ಇದು ಮೊದಲ ಹೆಸರಾಗಿಯೂ ಚಾಲ್ತಿಯಲ್ಲಿದೆ. ಬ್ರೆಜಿಲ್‌ಗೆ ವಾಷಿಂಗ್ಟನ್ ಲೂಯಿಸ್ ಎಂಬ ಅಧ್ಯಕ್ಷರೇ ಇದ್ದರು. ನಮ್ಮವರಿಗೆ ಗೊತ್ತಿರುವುದು ಕೆಲವು ವರ್ಷ ಆರ್‌ಸಿಬಿಗೆ ಆಡಿದ ವಾಷಿಂಗ್ಟನ್ ಸುಂದರ್. ಚೆನ್ನೈಯಲ್ಲಿ ಅವರ ತಂದೆ ಸುಂದರ್ ಓದುವಾಗ ಬಡತನ. ವಾಷಿಂಗ್ಟನ್ ಎಂಬ ನಿವೃತ್ತ ಸೈನಿಕರೊಬ್ಬರು ಶಾಲೆಯ ಫೀಸು ಕಟ್ಟಿ, ಕ್ರಿಕೆಟ್‌ಗೂ ಬೆನ್ನುತಟ್ಟಿದರು. ಅವರು ತೀರಿಕೊಂಡ 1999ರಲ್ಲೇ ಹುಟ್ಟಿದ ಮಗನಿಗೆ ಆ ಹೆಸರನ್ನಿಟ್ಟರು. ಹಾಗಾಗಿ ವಾಷಿಂಗ್ಟನ್ ಇಲ್ಲಿ ಅಡ್ಡಹೆಸರಲ್ಲ, ಇಟ್ಟ ಹೆಸರು. ಇಂಗ್ಲಿಷ್ ಕಾಮೆಂಟರಿಯಲ್ಲಿ ಬರೀ 'ಸುಂದರ್' ಅಂದಾಗಲೆಲ್ಲ ಅವರು ಕೂಗುತ್ತಿರುವುದು ಅಪ್ಪನನ್ನು.