ಫೈಬರ್ ಕಾಂಪೊಸಿಟ್ ಕಟ್ಟಡದಲ್ಲಿ ಜನರೇಟಿವ್ ಡಿಸೈನ್ ಅಂದರೆ ಏನು?

ಗಾಜಿನ ಅಥವಾ ಕಾರ್ಬನ್ ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದರೆ ಸಿಗುವುದು ಫೈಬರ್ ಕಾಂಪೊಸಿಟ್. ದೋಣಿ, ವಿಮಾನಗಳಲ್ಲಿ ಇದರ ಬಳಕೆ ಹಳೆಯದು. ಕಟ್ಟಡಕ್ಕೆ ತರುವಾಗ ಅಡ್ಡ ಬಂದಿದ್ದು ಅಚ್ಚು. ವಿಮಾನದ ರೆಕ್ಕೆಯ ಅಚ್ಚಿನಲ್ಲಿ ಮತ್ತೆ ಮತ್ತೆ ಅದೇ ರೆಕ್ಕೆ ತೆಗೆಯಬಹುದು. ಕಟ್ಟಡದಲ್ಲಿ ಒಂದೊಂದು ಭಾಗವೂ ಬೇರೆ ಅಳತೆ. ಒಂದೇ ಸಲ ಬಳಸಲು ಅಚ್ಚು ಮಾಡಿಸಿದರೆ ಗಿಟ್ಟುವುದಿಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಿ ಆಖಿಮ್ ಮೆಂಗೆಸ್ ಮತ್ತು ಎಂಜಿನಿಯರ್ ಯಾನ್ ಕ್ನಿಪ್ಪರ್ಸ್ ಅವರ ತಂಡಗಳು ಅಚ್ಚನ್ನೇ ಕೈಬಿಟ್ಟವು. ಎರಡು ಚೌಕಟ್ಟು, ಅವುಗಳ ಅಂಚಿನಲ್ಲಿ ಕೊಕ್ಕೆಗಳು. ರೋಬೋಟ್ ಮೊದಲು ಗಾಜಿನ ಎಳೆಯನ್ನು ಈ ಕೊಕ್ಕೆಯಿಂದ ಆ ಕೊಕ್ಕೆಗೆ ಬಿಗಿಯಾಗಿ ಎಳೆಯುತ್ತದೆ. ಆಗ ಎಲ್ಲವೂ ನೇರ ಗೆರೆಗಳೇ. ಮುಂದಿನ ಎಳೆ ಹಿಂದಿನದನ್ನು ಒತ್ತಿದಾಗ ಗೆರೆ ಬಾಗುತ್ತದೆ. ಹಾಗೆ ಒತ್ತುತ್ತಾ ಹೋದಂತೆ ತಿರುಚಿದ ಮೈ ಮೂಡುತ್ತದೆ. ಆಮೇಲೆ, ಭಾರ ಹೊರಬೇಕಾದ ಕಡೆ ಕಪ್ಪು ಕಾರ್ಬನ್ ಎಳೆ. ಕೊಕ್ಕೆಗಳು ಅವೇ ಇದ್ದು ಸುತ್ತುವ ಕ್ರಮ ಬದಲಾದರೂ ಆಕಾರ ಬದಲಾಗುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಹಿಡಿಸುವ ಸಂಗತಿ ಇದು.

ಜನರೇಟಿವ್ ಡಿಸೈನ್ ಬೇಕಾಗುವುದು ಇಲ್ಲೇ. ವಾಸ್ತುಶಿಲ್ಪಿ ಪೂರ್ತಿ ಆಕಾರ ಬರೆದಿಡುವುದಿಲ್ಲ, ನಿಯಮ ಕೊಡುತ್ತಾರೆ: ಭಾರ ಎಲ್ಲಿ ಬೀಳುತ್ತದೆ, ರೋಬೋಟಿನ ಕೈ ಎಲ್ಲಿಯವರೆಗೆ ಹೋಗುತ್ತದೆ, ಎಳೆ ಎಷ್ಟು ಬಿಗಿ ತಾಳುತ್ತದೆ. ಕಂಪ್ಯೂಟರ್ ಆ ಮಿತಿಯೊಳಗೆ ಎಳೆಯ ದಾರಿಗಳನ್ನು ಹುಟ್ಟಿಸಿ, ಬಲ ಲೆಕ್ಕ ಹಾಕಿ, ಬೇಡದ್ದನ್ನು ಬಿಡುತ್ತಾ ಬರುತ್ತದೆ. ನಾರಿಗೆ ಶಕ್ತಿ ಇರುವುದು ಅದರ ಉದ್ದಕ್ಕೆ ಮಾತ್ರ, ಅಡ್ಡಕ್ಕೆ ಅಷ್ಟಿಲ್ಲ. ಹಾಗಾಗಿ ಎಳೆ ಹೋಗುವ ದಾರಿಯೇ ಇಲ್ಲಿ ವಿನ್ಯಾಸ. ಸುಮ್ನೆ ಚೆಂದದ ಆಕಾರ ಹುಡುಕುವ ಸಾಫ್ಟ್‌ವೇರ್ ಎಂದುಕೊಂಡರೆ ಅರ್ಧವೂ ಅರ್ಥವಾಗುವುದಿಲ್ಲ.

ಮಾದರಿಗಳು ಸಿಕ್ಕಿದ್ದು ಜೀವಿಗಳಲ್ಲಿ. 2012ರಲ್ಲಿ ಪ್ರದರ್ಶನಕ್ಕೆಂದು ಈ ತಂಡಗಳು ಕಟ್ಟಿದ ಪೆವಿಲಿಯನ್‌ಗೆ ಲಾಬ್‌ಸ್ಟರ್ ಚಿಪ್ಪು, ಮುಂದೆ ಜೀರುಂಡೆಯ ಗಟ್ಟಿ ರೆಕ್ಕೆ. 2019ರಲ್ಲಿ ಹೈಲ್‌ಬ್ರಾನ್ ನಗರದ ಬುಗಾ ಎಂಬ ತೋಟಗಾರಿಕೆ ಮೇಳಕ್ಕೆ ಎದ್ದ ಪೆವಿಲಿಯನ್ನಿನಲ್ಲಿ ಇಂಥ 60 ಭಾಗಗಳಿದ್ದವು. ನಡುವೆ ಕಂಬವಿಲ್ಲದೆ 23 ಮೀಟರ್ ಅಗಲ. ಭಾರ ಹೊರುವ ಚೌಕಟ್ಟಿನ ತೂಕ ಚದರ ಮೀಟರಿಗೆ 7.6 ಕಿಲೋ ಮಾತ್ರ!

ತೊಡಕುಗಳೂ ಉಳಿದಿವೆ. ಕಾರ್ಬನ್ ನಾರು ತಯಾರಿಸಲು ಇಂಧನ ಜಾಸ್ತಿ ಬೇಕು. ಗಟ್ಟಿಯಾದ ರೆಸಿನ್‌ನಿಂದ ನಾರನ್ನು ಬಿಡಿಸುವುದೂ ಕಷ್ಟ. ಅದಕ್ಕೇ 2021ರಲ್ಲಿ ಫ್ರೈಬುರ್ಗ್‌ನಲ್ಲಿ ಕಟ್ಟಿದ ಪೆವಿಲಿಯನ್‌ಗೆ ಸ್ಟುಟ್‌ಗಾರ್ಟ್‌ನವರು ಕಾರ್ಬನ್ ಬಿಟ್ಟು ಅಗಸೆ ನಾರನ್ನು ಸುತ್ತಿದರು.