ಲಾರಿ ಇಂಜಿನ್ ಮಿಸ್ಸಿಂಗ್ ಹೊಡೆದರೆ ಡೀಸೆಲ್ ಪಂಪೇ ಹೋಗಿರಬೇಕಾ?

ಪ್ರಶ್ನೆ: ನಮ್ಮದು 1998ರ ಲಾರಿ, ಟಾಟಾ 697 ಇಂಜಿನ್. ಪಾಂಡವಪುರದ ಕಡೆ ಕಬ್ಬು ಹೊಡೆಯುತ್ತೇವೆ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ತುಂಬಾ ಸತಾಯಿಸುತ್ತೆ. ಆದ ಮೇಲೂ ಕ್ಯಾಬಿನ್ ಎಲ್ಲಾ ಅದುರುತ್ತೆ, ಬಿಳಿ ಹೊಗೆ ಬರುತ್ತೆ. ಲೋಡ್ ಹಾಕಿಕೊಂಡು ಏರು ಹತ್ತಿಸಿದರೆ ಪಿಕಪ್ ಇಲ್ಲ. ಫಿಲ್ಟರ್ ಬದಲಾಯಿಸಿದ್ದೂ ಆಯ್ತು. ಡೀಸೆಲ್ ಪಂಪ್ ಇಳಿಸಿ ಪಂಪ್ ರೂಮಿಗೆ (ಪಂಪ್ ರಿಪೇರಿ ಮಾಡುವ ಅಂಗಡಿಗೆ) ಕೊಡಿ ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಕೊಡಬೇಕಾ?

ಉತ್ತರ: ಈಗಲೇ ಬೇಡ. ಪಂಪ್ ಕೆಟ್ಟಿರಲೂಬಹುದು. ಆದರೆ ನೀವು ಬರೆದದ್ದು ಓದಿದರೆ ನನಗೆ ಮೊದಲು ಅನುಮಾನ ಬರುವುದು ಡೀಸೆಲ್ ಪೈಪಿಗೆ ಸೇರಿದ ಗಾಳಿಯ ಮೇಲೆ, ಆಮೇಲೆ ನಾಜಲ್ ಮೇಲೆ, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿಯ ಮೇಲೆ. ಪಂಪಿನ ಸರದಿ ಕಡೆಗೆ.

ಕಬ್ಬು ಅರೆಯುವ ಕಾಲ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಗಾಡಿ ತಿಂಗಳುಗಟ್ಟಲೆ ಹೊಂಗೆ ಮರದ ಕೆಳಗೆ ನಿಂತಿರುತ್ತದೆ. ಟ್ಯಾಂಕಿನಲ್ಲಿ ಕಾಲುಭಾಗ ಡೀಸೆಲ್, ಮಿಕ್ಕ ಮುಕ್ಕಾಲು ತೇವದ ಗಾಳಿ. ರಾತ್ರಿ ತಣ್ಣಗಾದಾಗ ಆ ತೇವ ಟ್ಯಾಂಕಿನ ಒಳಗೋಡೆಗೆ ಬೆವರಿನ ಹಾಗೆ ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಇಳಿದು ತಳ ಸೇರುತ್ತದೆ. ತಳ ತುಕ್ಕು ಹಿಡಿಯುತ್ತದೆ. ಕಟಾವು ಶುರುವಾಯ್ತು ಅಂತ ಒಂದು ಬೆಳಿಗ್ಗೆ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆದರೆ ಆ ಗಲೀಜೆಲ್ಲ ಪೈಪಿಗೆ ಹತ್ತುತ್ತದೆ. ನೀವು ಹಾಕಿಸಿದ ಹೊಸ ಫಿಲ್ಟರ್ ಒಂದೇ ವಾರದಲ್ಲಿ ಮತ್ತೆ ಕಟ್ಟಿಕೊಂಡಿದ್ದರೂ ಆಶ್ಚರ್ಯವಿಲ್ಲ.

ನಿಮ್ಮ ಇಂಜಿನ್ ಒಳಗೆ ನಡೆಯುವುದೇನು ಅಂತ ಸ್ವಲ್ಪ ನೋಡೋಣ. 697 ಅಂದರೆ ಆರು ಸಿಲಿಂಡರ್, ಒಂದೊಂದರ ಅಗಲ 97 ಮಿಲಿಮೀಟರ್. ಟ್ಯಾಂಕಿನಿಂದ ಡೀಸೆಲ್ ಎಳೆಯುವುದು ಫೀಡ್ ಪಂಪ್, ಅಂದರೆ ದೊಡ್ಡ ಪಂಪಿನ ಪಕ್ಕಕ್ಕೆ ಅಂಟಿಕೊಂಡಿರುವ ಪುಟ್ಟ ಪಂಪ್. ಅದು ಫಿಲ್ಟರ್ ದಾಟಿಸಿ ದೊಡ್ಡ ಪಂಪಿಗೆ ಕೊಡುತ್ತದೆ. ದೊಡ್ಡ ಪಂಪಿನಲ್ಲಿ ಸಿಲಿಂಡರಿಗೊಂದರಂತೆ ಆರು ಪ್ಲಂಜರ್, ಅಂದರೆ ಡೀಸೆಲ್ ಒತ್ತುವ ಉಕ್ಕಿನ ಕಡ್ಡಿ. ಪ್ಲಂಜರ್ ಮೇಲಕ್ಕೆ ತಳ್ಳಿದಾಗ ಒತ್ತಡ ಸುಮಾರು 200 ಬಾರ್ ಮುಟ್ಟಬೇಕು, ಆಗ ನಾಜಲ್ ಬಾಯಿ ಬಿಟ್ಟು ಡೀಸೆಲ್ ಮಂಜಿನ ಹಾಗೆ ಚಿಮ್ಮುತ್ತದೆ. ಐಡಲ್‌ನಲ್ಲಿ ಒಂದು ಸಲಕ್ಕೆ ಹೋಗುವುದು ಎರಡು ಮೂರು ಸಾಸಿವೆ ಕಾಳಿನಷ್ಟೇ ಡೀಸೆಲ್. ನಿಮಿಷಕ್ಕೆ 600 ಸುತ್ತಿನಲ್ಲಿ ಒಂದೊಂದು ನಾಜಲ್ ಸೆಕೆಂಡಿಗೆ ಐದು ಸಲ ಈ ಕೆಲಸ ಮಾಡಬೇಕು.

ಈ ಸಾಸಿವೆ ಕಾಳಿನ ಜಾಗದಲ್ಲಿ ಒಂದು ಗುಳ್ಳೆ ಗಾಳಿ ಬಂತು ಅಂದುಕೊಳ್ಳಿ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆ. ಪ್ಲಂಜರ್ ತಳ್ಳಿದ್ದೆಲ್ಲ ಆ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದು ಹೋಗುತ್ತದೆ, ನಾಜಲ್ ಬಾಯೇ ಬಿಡುವುದಿಲ್ಲ. ಆ ಸಿಲಿಂಡರ್ ಆ ಸಲ ಉರಿಯದೆ ಸುಮ್ನೆ ಸುತ್ತುತ್ತದೆ, ಮಿಸ್ಸಿಂಗ್ ಅಂದರೆ ಇದೇ. ಕ್ಯಾಬಿನ್ ಅದುರುತ್ತದೆ.

ನಮ್ಮ ಸೋದರಮಾವನ ಲಾರಿಗೂ ಹೀಗೇ ಆಗಿತ್ತು. ಪಂಪನ್ನು ಒಂದು ಪಂಪ್ ರೂಮಿಗೆ ಕೊಟ್ಟು, ನಾಲ್ಕು ದಿನ ಕಾದು, ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಪಡಿಸುವುದು) ಮಾಡಿಸಿ ತಂದು ಕೂರಿಸಿದೆವು. ಮೂರನೇ ದಿನಕ್ಕೆ ಅದೇ ರೋಗ. ಕೊನೆಗೆ ಶ್ರೀರಂಗಪಟ್ಟಣದ ಕಡೆಯ ಹಳೇ ಮೆಕ್ಯಾನಿಕ್ ಒಬ್ಬರು ಬಂದರು. ಸ್ಪ್ಯಾನರ್ ಮುಟ್ಟಲಿಲ್ಲ. ಚಾಸಿ ಪಕ್ಕ ಕುಕ್ಕರಗಾಲಲ್ಲಿ ಕೂತು ಟ್ಯಾಂಕಿನಿಂದ ಬರುವ ರಬ್ಬರ್ ಹೋಸನ್ನು ಬೆರಳಲ್ಲಿ ಸವರುತ್ತಾ ಬಂದರು. ಕ್ಲಾಂಪ್ ಹತ್ತಿರ ಬಂದು ಹೋಸನ್ನು ಸ್ವಲ್ಪ ಬಗ್ಗಿಸಿದರು. ಬ್ಲೇಡಿನಲ್ಲಿ ಗೀರಿದಂಥ ಒಂದು ಬಿರುಕು ಬಾಯಿ ತೆರೆಯಿತು. ಹೋಸ್ ಮೇಲೆ ಒಣ ಧೂಳು ಕೂತಿತ್ತು, ಒಂದು ಹನಿ ಡೀಸೆಲ್ ಇರಲಿಲ್ಲ. ನಾವು ಮೋಸ ಹೋಗಿದ್ದು ಅಲ್ಲೇ. "ಹೊರಕ್ಕೆ ಸೋರಿದ್ರೆ ಕಣ್ಗೆ ಕಾಣ್ತದೆ ಕಣ್ಲಾ, ಇದು ಒಳಕ್ಕೆ ಎಳ್ಕತದೆ" ಅಂದರು.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಎಳೆಯುವ ದಾರಿ. ಅಲ್ಲಿ ತೂತು ಬಿದ್ದರೆ ಡೀಸೆಲ್ ಸೋರಬೇಕು ಅಂತೇನಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಗಾಡಿ ನಿಂತಾಗ ಅದೇ ತೂತಿನಿಂದ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಸತಾಯಿಸುವುದು ಇದಕ್ಕೇ. ಟ್ಯಾಂಕ್ ತುಂಬಿದ್ದಾಗ ಸರಿಯಾಗಿ ಓಡಿ, ಅರ್ಧಕ್ಕೆ ಇಳಿದ ಮೇಲೆ ತಂಟೆ ಶುರುವಾದರೆ, ಟ್ಯಾಂಕ್ ಒಳಗಿನ ಎಳೆಯುವ ಪೈಪೇ ಸೀಳಿರಬಹುದು. ಇನ್ನೊಂದು, ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಪ್ರೈಮರ್ ಗುಬ್ಬಿ. ಏರ್ ತೆಗೆದ ಮೇಲೆ ಅದನ್ನು ತಿರುಗಿಸಿ ಬಿಗಿ ಮಾಡದೆ ಬಿಟ್ಟರೆ ಅಲ್ಲಿಂದಲೂ ಗಾಳಿ ಹೋಗುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ, ಖರ್ಚು ಹೆಚ್ಚಿಲ್ಲ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಸೈಲೆನ್ಸರ್ ಕಡೆಯಿಂದ ದೂರವಾಗಿ, ಫೀಡ್ ಪಂಪಿಗಿಂತ ಎತ್ತರದಲ್ಲಿ ಕಟ್ಟಿ. ಟ್ಯಾಂಕಿನ ಪೈಪ್ ಬಿಚ್ಚಿ, ಹೊಸ ಹೋಸ್ ಹಾಕಿ ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಆಮೇಲೆ ಏರ್ ತೆಗೆಯಿರಿ. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ. ನೊರೆ ನಿಂತು ತಿಳಿ ಡೀಸೆಲ್ ಬರುವ ತನಕ ಪ್ರೈಮರ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಬಿಗಿ ಮಾಡಿ. ಈಗ ಇಂಜಿನ್ ಹತ್ತು ನಿಮಿಷ ಅದುರದೆ ಓಡಿದರೆ ನಿಮ್ಮ ಪಂಪಿಗೂ ನಾಜಲ್‌ಗೂ ಏನೂ ಆಗಿಲ್ಲ. ತೊಂದರೆ ಟ್ಯಾಂಕ್ ಕಡೆ. ಟ್ಯಾಂಕ್ ಇಳಿಸಿ ತೊಳೆಸಿ, ಹೋಸ್, ತಾಮ್ರದ ವಾಷರ್ ಎಲ್ಲಾ ಹೊಸದು ಹಾಕಿಸಿ. ಟ್ಯಾಂಕಿನ ಮುಚ್ಚಳವನ್ನೂ ನೋಡಿ. ಮಳೆಗಾಲದಲ್ಲಿ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿ ಹಾಗೇ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಳಿ ಆಡದೆ ಟ್ಯಾಂಕ್ ಒಳಗೆ ವ್ಯಾಕ್ಯೂಮ್ ಆಗಿ ಅರ್ಧ ಗಂಟೆ ಓಡಿದ ಮೇಲೆ ಗಾಡಿ ಸೊರಗುತ್ತದೆ. ಮುಚ್ಚಳ ತೆಗೆದರೆ ಹುಸ್ ಅನ್ನುತ್ತದೆ.

ಕ್ಯಾನಿನಿಂದ ಓಡಿಸಿದರೂ ಅದುರಿದರೆ, ಯಾವ ಸಿಲಿಂಡರ್ ಸತ್ತಿದೆ ಅಂತ ಹುಡುಕಬೇಕು. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳ ಹೊಗೆ ಹೊರಹೋಗುವ ಪೈಪಿನ) ಆರೂ ಬಾಯಿಯ ಹತ್ತಿರ ಬೆರಳಲ್ಲಿ ಎರಡೆರಡು ಹನಿ ನೀರು ಚಿಮುಕಿಸಿ. ಐದು ಕಡೆ ಚುರ್ ಅಂತ ಆರಿ, ಒಂದು ಕಡೆ ನೀರು ಹಾಗೇ ಜಾರಿದರೆ ಕಳ್ಳ ಸಿಕ್ಕ. ಇನ್ನೊಂದು ದಾರಿ, ಐಡಲ್‌ನಲ್ಲಿ ನಾಜಲ್ ಪೈಪಿನ ನಟ್‌ಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸುವುದು. ಸಡಿಲಿಸಿದಾಗ ಇಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸತ್ತಿರುವುದು. ಮುಖ, ಕೈ ದೂರ ಇರಲಿ. ಈ ಒತ್ತಡದ ಡೀಸೆಲ್ ಚರ್ಮದ ಒಳಗೆ ನುಗ್ಗಿಬಿಡುತ್ತದೆ. ಚುಚ್ಚಿದ ಗುರುತು ಸಣ್ಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಕೆಳಗೆ ಬಟ್ಟೆ ಹಾಸಿ, ಬಿಸಿ ಮ್ಯಾನಿಫೋಲ್ಡ್ ಮೇಲೆ ಹನಿ ಬೀಳದಿರಲಿ.

ಸತ್ತಿರುವುದು ಮೂರನೆಯದು ಅಂತಿಟ್ಟುಕೊಳ್ಳಿ. ಅದರ ನಾಜಲನ್ನು ನಾಲ್ಕನೆಯದಕ್ಕೆ ಹಾಕಿ, ನಾಲ್ಕನೆಯದನ್ನು ಇಲ್ಲಿಗೆ ಹಾಕಿ. ರೋಗ ನಾಲ್ಕಕ್ಕೆ ಹೋದರೆ ನಾಜಲ್ ಕೆಟ್ಟಿದೆ. ಟೆಸ್ಟರ್ ಮೇಲೆ ಹಾಕಿಸಿ ನೀವೇ ಪಕ್ಕದಲ್ಲಿ ನಿಂತು ನೋಡಿ. ಒಳ್ಳೇ ನಾಜಲ್ ಕರ್ರ್ ಅಂತ ಸದ್ದು ಮಾಡಿ ಮಂಜು ಚಿಮ್ಮುತ್ತದೆ, ನಿಂತ ಮೇಲೆ ತುದಿ ಒಣಗಿರುತ್ತದೆ. ಕೆಟ್ಟದ್ದು ಮೂಗು ಸೋರುವ ಮಗುವಿನ ಹಾಗೆ ತೊಟ್ಟಿಕ್ಕುತ್ತದೆ. ನಿಮ್ಮ ಬಿಳಿ ಹೊಗೆ ಕಣ್ಣು ಉರಿಸಿದರೆ, ಅದು ಉರಿಯದೆ ಹೊರಬಂದ ಡೀಸೆಲ್. ವಾಸನೆಯಿಲ್ಲದ ಹಬೆಯಾಗಿದ್ದು ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಕಥೆ ಬೇರೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ನಾಜಲ್ ವಾಪಸ್ ಕೂರಿಸುವಾಗ ಕೆಳಗಿನ ತಾಮ್ರದ ವಾಷರ್ ಹೊಸದೇ ಇರಬೇಕು. ಹಳೆಯದು ಗುಂಡಿಯಲ್ಲೇ ಕಚ್ಚಿಕೊಂಡು ಉಳಿದುಬಿಡುತ್ತದೆ, ಅದರ ಮೇಲೆ ಇನ್ನೊಂದು ಹಾಕಿದರೆ ನಾಜಲ್ ಎತ್ತರಕ್ಕೆ ಕೂತು ಹೊಸ ರೋಗ ಶುರು. ಟಾರ್ಚ್ ಬಿಟ್ಟು ನೋಡಿ.

ರೋಗ ಮೂರರಲ್ಲೇ ಉಳಿದರೆ ಟ್ಯಾಪೆಟ್ (ವಾಲ್ವ್ ಸಂದು), ಕಂಪ್ರೆಶನ್ (ಸಿಲಿಂಡರ್ ಗಾಳಿ ಒತ್ತುವ ಬಲ) ನೋಡಿಸಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ತಳ್ಳಿದರೆ ಅದು ಬ್ಯಾಕ್ ಕಂಪ್ರೆಶನ್, ಅಂದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ, ಪಂಪ್ ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ. ಇವೆಲ್ಲ ಸರಿ ಇದ್ದರೆ ಈಗ ಪಂಪ್ ಮೇಲೆ ಕೈ ಹಾಕಿ.

ಪಂಪ್ ಸವೆದಿದ್ದಕ್ಕೆ ಒಂದು ಗುರುತು ಹೇಳುತ್ತೇನೆ. ಪ್ಲಂಜರ್‌ಗೂ ಅದರ ಬ್ಯಾರೆಲ್‌ಗೂ ನಡುವೆ ಇರುವ ಸಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗ, ಕೂದಲೆಳೆಗಿಂತ ಎಷ್ಟೋ ಸಣ್ಣ. ಸವೆದ ಪಂಪಿನಲ್ಲಿ ಬಿಸಿ ಡೀಸೆಲ್ ತೆಳುವಾಗಿ ಆ ಸಂದಿನಲ್ಲಿ ಜಾರಿಹೋಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಗಾಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಏಳುವುದಿಲ್ಲ. ಪಂಪ್ ಮೇಲೆ ಒದ್ದೆ ಗೋಣಿಚೀಲ ಹಾಕಿ ಹತ್ತು ನಿಮಿಷ ಬಿಟ್ಟರೆ ಎದ್ದುಬಿಡುತ್ತದೆ. ನಿಮ್ಮ ಗಾಡಿ ಇದಕ್ಕೆ ಉಲ್ಟಾ, ಬೆಳಿಗ್ಗೆ ತಣ್ಣಗಿದ್ದಾಗಲೇ ಹಟ ಮಾಡುತ್ತಿದೆ ಅಲ್ವಾ? ಪಂಪ್ ಸರದಿ ಕಡೆಗೆ ಅಂದಿದ್ದು ಅದಕ್ಕೇ.

ಇದೆಲ್ಲ ಹಳೇ ಮೆಕ್ಯಾನಿಕಲ್ ಪಂಪಿನ ಮಾತು. ಈ ಪಂಪ್ ಮಾಡುವ ಮೈಕೋ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾದರೂ ನಮ್ಮವರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಮನೆಯಲ್ಲಿ ಕಾಮನ್ ರೈಲ್ ಇಂಜಿನ್ (ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವಂಥದ್ದು) ಇರುವ ಹೊಸ ಗಾಡಿಯೂ ಇದ್ದರೆ, ಅದರ ಪೈಪ್ ನಟ್ ಮಾತ್ರ ಓಡುವಾಗ ಸಡಿಲಿಸಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಅದಕ್ಕೆ ಸ್ಕ್ಯಾನರೇ ಬೇಕು.

ಕಡೆಗೆ ಪಂಪ್ ಇಳಿಸಲೇಬೇಕಾಗಿ ಬಂದರೆ, ಬೋಲ್ಟ್ ಬಿಚ್ಚುವ ಮೊದಲು ಪಂಪಿನ ಫ್ಲ್ಯಾಂಜ್ (ಬೋಲ್ಟ್ ಕೂರುವ ಅಂಚು) ಮೇಲೂ ಇಂಜಿನ್ ಮೇಲೂ ಸೇರಿದ ಹಾಗೆ ಒಂದು ಗೀರು ಹಾಕಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೂರಿಸಿದ ಮೇಲೆ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಹೊತ್ತು, ಸರಿ ಇದೆಯಾ ನೋಡಿಸಿ. ಬದಲಾಯಿಸಿದ ಹಳೇ ಪ್ಲಂಜರ್‌ಗಳನ್ನು ಪಂಪ್ ರೂಮಿನಿಂದ ಕೇಳಿ ಇಸ್ಕೊಂಡು ಬನ್ನಿ.