ಕಡಲೆಬೀಜ ಪುಡಿಮಾಡದೆ ಎಣ್ಣೆ ಅಳೆಯುವಾಗ ಮೊದಲು ತೇವ ನೋಡಿ

ಪಾವಗಡ, ಶಿರಾ ಕಡೆಯ ಮಳೆಯಾಶ್ರಿತ ಹೊಲಗಳಿಗೆ ಟಿಎಂವಿ-2 ಎಂಬ ಕಡಲೆಕಾಯಿ ತಳಿ ಹಳೆಯ ನಂಟು. ಬರ ತಡೆಯುತ್ತದೆ, ನಿಜ; ಆದರೆ ಗಾಳಿಗೆ ಬೇಗ ಕೆಡುವ ಲಿನೋಲಿಕ್ ಆಮ್ಲ ಹೆಚ್ಚಿರುವ ಕಾರಣ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಎಣ್ಣೆ ಬೇಗ ಕೆಡದಂತೆ ಕಾಯುವ ಒಲೀಕ್ ಆಮ್ಲ ಸುಮಾರು ಶೇ 80ರಷ್ಟಿರುವ ಗಿರ್ನಾರ್-4 ಅಥವಾ 5 ತಳಿಯ ಜೊತೆ ಅದನ್ನು ಸಂಕರಿಸಿದರೆ, ಒಲೀಕನ್ನು ಲಿನೋಲಿಕ್ ಮಾಡುವ ಎರಡೂ ಎಫ್‌ಎಡಿ2 ಜೀನುಗಳು ಪೂರ್ತಿ ಬದಲಾದ ಬೀಜ ಎಫ್2ನಲ್ಲಿ (ಎರಡನೇ ತಲೆಮಾರಿನಲ್ಲಿ) ಸರಾಸರಿ 16ಕ್ಕೆ ಒಂದು. ಎಫ್1 (ಸಂಕರದ ಮೊದಲ ತಲೆಮಾರಿನ) ಗಿಡ ಬಿಟ್ಟ ಕಾಯೊಳಗಿನ ಪ್ರತಿ ಬೀಜವೂ ಬೇರೆ ಬೇರೆ. ಅದನ್ನು ಪುಡಿಮಾಡಿ, ಎಣ್ಣೆ ಬಸಿಯುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಾಕಿ ಕುದಿಸಿದರೆ ಎಣ್ಣೆಯ ಅಂಕಿ ಕೈಗೆ ಬರುತ್ತದೆ, ಬಿತ್ತಲು ಬೀಜವೇ ಇರುವುದಿಲ್ಲ.

ಬೀಜ ಉಳಿಸಿ ಅಳೆಯಲು ಎರಡು ಯಂತ್ರಗಳಿವೆ. ಎನ್‌ಎಂಆರ್ ಬೀಜವನ್ನು ಕಾಂತಕ್ಷೇತ್ರದಲ್ಲಿಟ್ಟು ದ್ರವರೂಪದ ಎಣ್ಣೆಯಲ್ಲಿರುವ ಹೈಡ್ರೋಜನ್‌ನಿಂದ ಬರುವ ಸಂಕೇತ ಹಿಡಿಯುತ್ತದೆ. ಎಣ್ಣೆ ಎಷ್ಟು ಎಂದು ಹೇಳುತ್ತದೆಯೇ ಹೊರತು ಎಂಥದ್ದು ಎಂದಲ್ಲ. ಎನ್‌ಐಆರ್ ಬೀಜದ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ, 1725 ನ್ಯಾನೋಮೀಟರ್ ಸುತ್ತಮುತ್ತ ಎಣ್ಣೆ ಹೀರಿದ ಬೆಳಕನ್ನು ಓದುತ್ತದೆ. ಸರಿಯಾದ ಕ್ಯಾಲಿಬ್ರೇಷನ್ (ಯಂತ್ರದ ಓದನ್ನು ಪ್ರಯೋಗಾಲಯದ ಅಳತೆಗೆ ಹೊಂದಿಸಿದ್ದು) ಇದ್ದರೆ ಒಲೀಕ್ ಪ್ರಮಾಣವನ್ನೂ ಅಂದಾಜಿಸುತ್ತದೆ.

ಹೆಚ್ಚಿನವರು ಎಡವುವುದು ತೇವಾಂಶದಲ್ಲಿ. ಒಣ ತೂಕದ ಮೇಲೆ ಶೇ 50 ಎಣ್ಣೆ ಇರುವ ಬೀಜ, ತೇವ ಶೇ 4 ಇದ್ದಾಗ 48 ತೋರಿಸಬೇಕು. ತೇವ ಶೇ 8 ಆದರೆ 46. ಒಂದೇ ತಳಿಯಲ್ಲಿ ಎರಡು ಅಂಕದ ಅಂತರ! ತಳಿ ಆಯ್ಕೆಯಲ್ಲಿ ಇದೇ ಅಂತರ ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಕುವುದುಂಟು. ನೀರಿನಲ್ಲೂ ಹೈಡ್ರೋಜನ್ ಇರುವುದರಿಂದ ಹಸಿ ಬೀಜ ಎನ್‌ಎಂಆರ್‌ನಲ್ಲಿ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಕಾಯಿ ಬಿಡಿಸಿದ ಬೀಜವನ್ನು ನೆರಳಲ್ಲಿ ಒಣಗಿಸಿ, 40 ಡಿಗ್ರಿ ಮೀರಿಸಬೇಡಿ, ಮೊಳಕೆ ಕೆಡುತ್ತದೆ. ಎಲ್ಲ ಮಾದರಿಗಳನ್ನೂ ಒಂದೇ ಕೋಣೆಯಲ್ಲಿ ಒಂದೆರಡು ದಿನ ಇಟ್ಟು ತೇವ ಸಮವಾದ ಮೇಲೆಯೇ ಯಂತ್ರಕ್ಕೆ ಹಾಕಿ. ಲೆಕ್ಕ ಒಣ ತೂಕದ ಮೇಲೆ ಬರೆಯಿರಿ.

ಇನ್ನು ಕ್ಯಾಲಿಬ್ರೇಷನ್. ಬೇರೆ ಊರಿನ ದಪ್ಪ ಬೀಜದ ತಳಿಗಳ ಮೇಲೆ ಕಟ್ಟಿದ್ದು ನಮ್ಮ ಸಣ್ಣ ಬೀಜಕ್ಕೆ ಒಗ್ಗುವುದಿಲ್ಲ. ಕಡಿಮೆಯಿಂದ ಹೆಚ್ಚಿನವರೆಗೆ ಎಲ್ಲ ಮಟ್ಟದ ನೂರಾರು ಮಾದರಿಗಳನ್ನು ಮೊದಲು ಎನ್‌ಐಆರ್‌ನಲ್ಲಿ ಓದಿಸಿ, ಆಮೇಲೆ ಸಾಕ್ಸ್‌ಲೆಟ್ ಮತ್ತು ಎಣ್ಣೆಯ ಆಮ್ಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆದು ಹೊಂದಿಸಬೇಕು. ಸುಕ್ಕುಗಟ್ಟಿದ, ಬಲಿಯದ ಕಾಳನ್ನು ಬೆರೆಸಬೇಡಿ. ಮಳೆ ಕೈಕೊಟ್ಟ ವರ್ಷ ಅಂಥವು ಜಾಸ್ತಿ, ಅವುಗಳಲ್ಲಿ ಎಣ್ಣೆ ಕಡಿಮೆ. ಒಂದೇ ಬೀಜ ಓದಿಸುವಾಗ ಎರಡೂ ಮಗ್ಗುಲು ತಿರುಗಿಸಿ ಓದಿಸಿ ಸರಾಸರಿ ತೆಗೆಯಿರಿ.

ಎನ್‌ಐಆರ್ ಅನ್ನು ಜರಡಿಯ ಹಾಗೆ ಬಳಸುವುದೇ ಜಾಣತನ. ಒಂದು ಬೀಜದ ಅಂಕಿಯನ್ನು ದಶಮಾಂಶದವರೆಗೆ ನಂಬುವುದು ಬೇಡ, ಮೇಲಿನ ಸಾಲಿನವು ಸಿಕ್ಕರೆ ಸಾಕು. ಅವುಗಳನ್ನು ಖಚಿತಪಡಿಸಲು, ಮೊಳಕೆ ಇರುವ ಮೊನೆಯ ಎದುರು ತುದಿಯಿಂದ ಬ್ಲೇಡ್‌ನಲ್ಲಿ ತೆಳು ಚೂರು ಕೊಯ್ದು ಗ್ಯಾಸ್ ಕ್ರೊಮಟೋಗ್ರಫಿಗೆ ಕಳಿಸಬಹುದು. ಚೂರಿಗೂ ಬೀಜಕ್ಕೂ ಒಂದೇ ನಂಬರ್ ಬರೆದಿಡಿ. ಕೊಯ್ದ ಬೀಜಕ್ಕೆ ಥೈರಮ್ ಎಂಬ ಶಿಲೀಂಧ್ರನಾಶಕ ಲೇಪಿಸಿ ಲೋಟದಲ್ಲಿ ಬಿತ್ತಿ. ನೇರ ಹೊಲಕ್ಕೆ ಹಾಕಿದರೆ ಗಾಯದ ಜಾಗಕ್ಕೆ ಕಪ್ಪು ಬೂಷ್ಟು ಹತ್ತಿ ಕೊಳೆಯುತ್ತದೆ.